ಬಚ್ಚಲುಮನೆಯಲ್ಲಿ ಸಿಕ್ಕ ಉತ್ತರ

ಮೆದುಳಿನ ವಿದ್ಯುತ್ ಅಲೆ ನೋಡುವ ಇಇಜಿ ನಾರ್ಮಲ್. ಎಂಆರ್‌ಐ ಎರಡು ಸಲ ಆಗಿತ್ತು, ಎರಡೂ ನಾರ್ಮಲ್. ಹುಡುಗನಿಗೆ ಹದಿನಾಲ್ಕೋ ಹದಿನೈದೋ ವಯಸ್ಸು, ಕೊಳ್ಳೇಗಾಲದ ಕಡೆಯವನು. ತಲೆಸ್ನಾನದ ದಿನ ಮಾತ್ರ ಬಚ್ಚಲಲ್ಲಿ ಏನೇನೋ ಬಡಬಡಿಸುತ್ತಾನೆ, ಕರೆದರೆ ಓಗೊಡಲ್ಲ. ಮೊದಲು ನೋಡಿದವರು ಓದಿನ ಟೆನ್ಷನ್ ಅಂದಿದ್ದರು. ಅಜ್ಜಿ ತಾಯತ ಕಟ್ಟಿಸಿದ್ದರು. ನನ್ನ ಹತ್ತಿರ ಬರುವಷ್ಟರಲ್ಲಿ ಮನೆಯವರ ಮೂವತ್ತು ಸಾವಿರಕ್ಕೂ ಜಾಸ್ತಿ ದುಡ್ಡು ಹೋಗಿತ್ತು.

ಬಿಸಿನೀರಿನ ಫಿಟ್ಸ್, ಅಂದರೆ ತಲೆಗೆ ಬಿಸಿನೀರು ಬಿದ್ದಾಗ ಬರುವ ಫಿಟ್ಸ್, ನಮ್ಮ ಕಡೆ ಹೊಸದಲ್ಲ. ನಿಮ್ಹಾನ್ಸ್‌ನ ಡಾ. ಸತೀಶ್ಚಂದ್ರ ಮತ್ತು ಜೊತೆಯವರು 1988ರಲ್ಲೇ 279 ರೋಗಿಗಳ ವಿವರ ಪ್ರಕಟಿಸಿದ್ದಾರೆ. ಹೊರದೇಶದ ಡಾಕ್ಟರಿಗೆ ಇದು ಅಪರೂಪ, ಮೈಸೂರು ಸೀಮೆಯವರಿಗೆ ಅಲ್ಲ. ಹಾಗಿದ್ದರೂ ಹರೆಯದ ಮಕ್ಕಳಲ್ಲಿ ತಪ್ಪಿಹೋಗುತ್ತದೆ. ಚಿಕ್ಕ ಮಗುವಿಗೆ ಅಮ್ಮ ನೀರು ಹಾಕುತ್ತಾಳೆ, ಎಲ್ಲ ಕಣ್ಣಾರೆ ನೋಡುತ್ತಾಳೆ. ಹದಿನೈದರವನು ಚಿಲಕ ಹಾಕಿಕೊಳ್ಳುತ್ತಾನೆ. ನೋಡಿದವರೇ ಇಲ್ಲ ಅಂದಮೇಲೆ ಹೇಳುವವರು ಯಾರು?

ಮೊದಲು ನಾನು ಈ ಫಿಟ್ಸನ್ನು ಕ್ಲಿನಿಕ್‌ನಲ್ಲೇ ಇಇಜಿಯಲ್ಲಿ ಹಿಡಿಯಲು ಹೋದೆ. ಮನೆಯವರ ಒಪ್ಪಿಗೆ ಪಡೆದು, ಇನ್ನೊಬ್ಬ ಹುಡುಗನ ತಲೆಗೆ ಎಲೆಕ್ಟ್ರೋಡ್ ಹಚ್ಚಿ ಬಿಸಿನೀರು ಹುಯ್ದೆವು. ನಾಲ್ಕೇ ಚೊಂಬಿಗೆ ಪೇಸ್ಟ್ ಜಾರಿತು. ನೀರು ಎಲೆಕ್ಟ್ರೋಡ್ ವೈರುಗಳು ಸೇರುವ ಹೆಡ್‌ಬಾಕ್ಸ್‌ಗೆ ಇಳಿಯಿತು. ಸಾಲ ಮಾಡಿ ಸುಮಾರು ಮೂರು ಲಕ್ಷಕ್ಕೆ ತಂದಿದ್ದ ಮೆಷಿನ್ ಅದು. ರಿಪೇರಿಗೇ ನಲವತ್ತು ಸಾವಿರದ ಹತ್ತಿರ ಆಯಿತು. ಹುಡುಗ ಹೆದರಿ ನಡುಗಿದ, ಫಿಟ್ಸ್ ಮಾತ್ರ ಬರಲಿಲ್ಲ. ಆ ದಾರಿ ಅಲ್ಲಿಗೇ ಬಿಟ್ಟೆ.

ಆಮೇಲೆ ಮನೆಯಲ್ಲೇ ಮೊಬೈಲ್‌ನಲ್ಲಿ ವಿಡಿಯೋ ತೆಗೆಸಲು ಶುರು ಮಾಡಿದೆ. ಹುಡುಗರಿಗೆ ಅಪ್ಪ, ಹುಡುಗಿಯರಿಗೆ ಅಮ್ಮ. ಚಡ್ಡಿ ಅಥವಾ ಲಂಗ ತೊಟ್ಟೇ ಇರಬೇಕು. ಮುಖ ಮತ್ತು ಕೈ ಮಾತ್ರ ಕಾಣಬೇಕು. ಚಿಲಕ ಹಾಕಕೂಡದು. ನನಗೆ ತೋರಿಸಿದ ಮೇಲೆ ಅಳಿಸಿಬಿಡಬೇಕು. ಮೊದಲ ಏಳೆಂಟು ವಿಡಿಯೋ ಹಬೆಯಲ್ಲಿ ಹಾಳಾದವು, ಬರೀ ಬಿಳಿ. ಲೆನ್ಸ್ ಮಂಜಾಗದಂತೆ ಒಂದು ಉಪಾಯ ಕಂಡುಕೊಂಡೆ, ಅದನ್ನು ಎದುರಿಗೆ ಸಿಕ್ಕವರಿಗೆ ಮಾತ್ರ ಹೇಳುತ್ತೇನೆ. ಒಬ್ಬ ಹಿರಿಯರು, "ಮೊಬೈಲ್ ನೋಡಿ ಡಯಾಗ್ನೋಸಿಸ್ ಮಾಡ್ತೀಯೇನಯ್ಯಾ?" ಅಂತ ನಾಲ್ಕು ಜನರ ಮುಂದೆ ಕೇಳಿದ್ದರು.

ಕೊಳ್ಳೇಗಾಲದ ಹುಡುಗನ ವಿಡಿಯೋ ಒಂದೂವರೆ ನಿಮಿಷವೂ ಇರಲಿಲ್ಲ. ಏಳನೆಯದೋ ಎಂಟನೆಯದೋ ಚೊಂಬಿಗೆ ಕಣ್ಣು ಒಂದೇ ಕಡೆ ನೆಟ್ಟಿತು. ಕೈ ಮಾತ್ರ ನಿಲ್ಲಲಿಲ್ಲ. ಬರಬರುತ್ತಾ ಜೋರಾಗಿ ಹುಯ್ದುಕೊಳ್ಳತೊಡಗಿದ. ತಲೆ ಸುತ್ತಿ ಬೀಳುವವರು ಬೆಳ್ಳಗಾಗಿ ಕುಸಿಯುತ್ತಾರೆ, ಹೀಗೆ ಹುಯ್ದುಕೊಳ್ಳುವುದಿಲ್ಲ. ತಾಯಿಯನ್ನು ಹೊರಗೆ ಕೂರಿಸಿ ಅವನೊಬ್ಬನನ್ನೇ ಕೇಳಿದೆ. ತಲೆ ತಗ್ಗಿಸಿ, "ಒಂಥರಾ ಹಿತ ಅನ್ಸುತ್ತೆ ಸಾರ್, ಇನ್ನೂ ಹುಯ್ಕೋಬೇಕು ಅನ್ಸುತ್ತೆ" ಅಂದ. ಈ ಮಾತು ಹುಡುಗರ ಬಾಯಿಂದ ಹೊರಡಿಸುವುದೇ ದೊಡ್ಡ ಕೆಲಸ. ಬೈಸಿಕೊಳ್ಳುತ್ತೇನೆ ಅನ್ನುವ ಭಯ ಅವರಿಗೆ. ಎರಡು ವರ್ಷ ಯಾರೂ ಅವನನ್ನು ಇದನ್ನು ಕೇಳಿರಲಿಲ್ಲ ಅನ್ನೋದು ನನಗೆ ಈಗಲೂ ನೋವು.

ವಿಡಿಯೋ ಇಲ್ಲದೆ ಎಡವಿದ್ದೂ ಇದೆ. ಪಿಯುಸಿ ಹುಡುಗಿಯೊಬ್ಬಳಿಗೆ ಕಾರ್ಬಮಜೆಪಿನ್ ಅನ್ನುವ ಫಿಟ್ಸ್ ಮಾತ್ರೆ ಬರೆದೆ, ತೊಂದರೆ ಜಾಸ್ತಿಯಾಯಿತು. ಬೆಳಿಗ್ಗೆ ಎದ್ದಕೂಡಲೇ ಕೈ ಜಗ್ಗಿ ಕಾಫಿ ಲೋಟ ಬೀಳುತ್ತಿತ್ತಂತೆ. ಅದು ಜುವೆನೈಲ್ ಮಯೋಕ್ಲೋನಿಕ್, ಹರೆಯದಲ್ಲಿ ಶುರುವಾಗಿ ಕೈ ಜಗ್ಗಿಸುವ ಬೇರೆ ಬಗೆಯ ಫಿಟ್ಸ್. ಆ ಮಾತ್ರೆ ಅದನ್ನು ಕೆರಳಿಸುತ್ತದೆ. ಈಗ ಹರೆಯದ ಯಾರೇ ಬಂದರೂ ಬೆಳಗಿನ ಲೋಟದ ಕಥೆ ಕೇಳದೆ ಚೀಟಿ ಬರೆಯುವುದಿಲ್ಲ.

ಸುಮ್ನೆ ಕುತೂಹಲಕ್ಕೆ ಹತ್ತು ಮನೆಗೆ ಥರ್ಮಾಮೀಟರ್ ಕೊಟ್ಟೆ, ಒಂದಕ್ಕೆ ಇನ್ನೂರೋ ಇನ್ನೂರೈವತ್ತೋ. "ಉಗುರು ಬೆಚ್ಚಗೆ" ಅಂದವರ ಹಂಡೆಯಲ್ಲೂ 45 ಡಿಗ್ರಿ ಬಂತು! ಆವತ್ತಿನಿಂದ ಬಾಯಿಮಾತು ನಂಬುವುದು ಬಿಟ್ಟೆ.

ಕೊಳ್ಳೇಗಾಲದ ಹುಡುಗನಿಗೆ ನೀರಿನ ಬಿಸಿ ಇಳಿಸಿದೆವು. ತಲೆಸ್ನಾನಕ್ಕೆ ಒಂದೂವರೆ ಎರಡು ಗಂಟೆ ಮುಂಚೆ ಫಿಟ್ಸ್ ತಡೆಯುವ ಕ್ಲೋಬಜಾಮ್ ಮಾತ್ರೆ, ಅದೂ ತಲೆಸ್ನಾನದ ದಿನ ಮಾತ್ರ. ಎರಡು ವರ್ಷದಲ್ಲಿ ಒಂದೇ ಸಲ ಬಂತು, ದೀಪಾವಳಿ ಎಣ್ಣೆಸ್ನಾನದ ದಿನ. ಅಜ್ಜಿ ಹಬ್ಬದ ಸಂಭ್ರಮದಲ್ಲಿ ಹಂಡೆ ಚೆನ್ನಾಗಿ ಕಾಯಿಸಿದ್ದರು, ಮಾತ್ರೆ ಮರೆತಿತ್ತು. ಈಗ ಹಂಡೆ ಪಕ್ಕದ ಮೊಳೆಗೆ ಥರ್ಮಾಮೀಟರ್ ನೇತುಹಾಕಿದ್ದಾರೆ. ಅದನ್ನು ನೋಡಿ ಹೇಳುವವರು ಆ ಅಜ್ಜಿಯೇ.