ಟೇಬಲ್ ಕೆಳಗಿನ ಹುತ್ತ ಕಿತ್ತ ಕಥೆ

ಕಾಲಿನ ಹೆಬ್ಬೆರಳು ಸಿಕ್ಕಿ ಸಿಪಿಯು ವೈರ್ ಯುಪಿಎಸ್ ಹಿಂದಿನಿಂದ ಕಳಚಿದ್ದು 20ನೇ ತಾರೀಖು, ರಾತ್ರಿ ಹತ್ತೂವರೆಗೆ. ಮನೆಯಲ್ಲೇ ಕೂತು ಲೆಕ್ಕ ಬರೆಯೋರಿಗೆ ಆ ತಾರೀಖು ಅಂದರೆ ಏನು ಅಂತ ನಾನು ಹೇಳಬೇಕಿಲ್ಲ. ನಮ್ಮ ದಾವಣಗೆರೆ ಮಂಡಿಪೇಟೆಯ ಮೂರು ಅಂಗಡಿಗಳ ಜಿಎಸ್‌ಟಿಆರ್-3ಬಿ, ಅಂದರೆ ತಿಂಗಳ ಜಿಎಸ್‌ಟಿ ರಿಟರ್ನ್, ಇನ್ನೂ ಬಾಕಿ; ಸಲ್ಲಿಸೋಕೆ ಅದೇ ಕೊನೇ ದಿನ. ಮೊಬೈಲ್ ಟಾರ್ಚ್ ಹಿಡಿದು ಟೇಬಲ್ ಕೆಳಗೆ ತೂರಿದರೆ ಅಲ್ಲೊಂದು ವೈರ್‌ಗಳ ಹುತ್ತ. ಯಾವ ವೈರ್ ಯಾವುದರದು ಅಂತ ಗೊತ್ತಾಗದೆ ಒಂದನ್ನ ಎಳೆದೆ, ರೂಟರೂ ಹೋಯಿತು. ಮೂರನೇ ಅಂಗಡಿಯದು ಮುಗಿದಾಗ ಹನ್ನೆರಡಕ್ಕೆ ಹತ್ತೇ ನಿಮಿಷ.

ಅಲ್ಲಿಂದ ಸುಮಾರು ಒಂದೂವರೆ ವರ್ಷ ಇದರ ಬೆನ್ನು ಬಿದ್ದಿದ್ದೆ. ನಿಟ್ಟುವಳ್ಳಿಯ ನಮ್ಮ ಮನೆಯಲ್ಲಿ ಈಗ ಎಂಟು ತಿಂಗಳಿಂದ ಆ ಟೇಬಲ್ ಕೆಳಗೆ ಒಂದೂ ವೈರ್ ನೆಲ ಮುಟ್ಟಿಲ್ಲ. ಕಸಬರಿಗೆ ಈ ಕಡೆಯಿಂದ ಹಾಕಿದರೆ ಆ ಕಡೆ ಬರುತ್ತೆ. ನಂಬದವರು ಬಂದು ಬಗ್ಗಿ ನೋಡಬಹುದು.

ಮೊದಲು ಕಳಕೊಂಡ ದುಡ್ಡಿನ ಲೆಕ್ಕ. ಜಿಪ್ ಟೈ (ಒಮ್ಮೆ ಬಿಗಿದರೆ ಕತ್ತರಿಸಿಯೇ ಬಿಡಿಸಬೇಕಾದ ಪ್ಲಾಸ್ಟಿಕ್ ಪಟ್ಟಿ) ನೂರರ ಪ್ಯಾಕೆಟ್, 120 ರೂಪಾಯಿ ಇರಬೇಕು. ಒಂದು ಭಾನುವಾರ ಇಡೀ ಕೂತು ಎಲ್ಲಾ ವೈರ್ ಸೇರಿಸಿ ಹೆಣ್ಣುಮಕ್ಕಳ ಜಡೆ ಹಾಗೆ ಬಿಗಿದೆ. ನೋಡೋಕೆ ಚೆಂದ. ಹದಿನೈದು ದಿನಕ್ಕೆ ಪ್ರಿಂಟರ್ ರಿಪೇರಿಗೆ ಕೊಡಬೇಕಾಯಿತು. ಒಂದು ವೈರ್ ಬಿಡಿಸೋಕೆ ಮೂವತ್ತು ಟೈ ಕತ್ತರಿಸಿದೆ, ಜೊತೆಗೆ ಮೌಸ್ ವೈರನ್ನೂ. ಅದಕ್ಕೆ 350.

ಆಮೇಲೆ ಅಂಟಿಸೋ ಕ್ಲಿಪ್. ನಮ್ಮೂರಿನ ಏಪ್ರಿಲ್ ಬಿಸಿಲಿಗೆ ಅಂಟು ಕರಗಿ, ರಾತ್ರಿ ಒಂದೊಂದಾಗಿ ಟಪ್ ಟಪ್ ಅಂತ ಉದುರೋವು. ಅವ್ವ ಹಲ್ಲಿ ಅಂದುಕೊಂಡಿದ್ದಳು.

ಮೂರನೆಯದು ಭಾವಮೈದುನನ ಸಲಹೆ. "ಭಾವ, ಇದಕ್ಕೇ ಅಂತ ಡಬ್ಬಿ ಬರ್ತಾವೆ, ಆನ್‌ಲೈನ್‌ನಾಗೆ ತರಿಸಿಬಿಡ್ರಿ." 850 ಕೊಟ್ಟು ತರಿಸಿದೆ. ಸ್ಪೈಕ್ ಬೋರ್ಡು (ಹಲವು ಪ್ಲಗ್ ಹಾಕೋ ಉದ್ದನೆ ಬೋರ್ಡು), ಅಡಾಪ್ಟರು ಎಲ್ಲಾ ಒಳಗೆ ಹಾಕಿ ಮುಚ್ಚಳ ಮುಚ್ಚಿದೆ. ಗಾಳಿ ಆಡದೆ ಮೂರು ಅಡಾಪ್ಟರ್ ಒಂದಕ್ಕೊಂದು ಮೈ ಕಾಯಿಸಿಕೊಂಡು, ಮಧ್ಯಾಹ್ನದ ಹೊತ್ತಿಗೆ ಮುಚ್ಚಳ ಮುಟ್ಟಿದರೆ ಕೈ ಚುರ್ ಅನ್ನೋದು. ಈಗ ಅದರಲ್ಲಿ ಈರುಳ್ಳಿ ಇದೆ.

ಇಷ್ಟೆಲ್ಲಾ ಆದಮೇಲೆ ಹೊಳೆದಿದ್ದು, ನಾನು ಕಟ್ಟೋಕೇ ಹೊರಟಿದ್ದೆ, ಕೀಳೋಕೆ ಹೋಗೇ ಇರಲಿಲ್ಲ ಅಂತ. ಎಲ್ಲಾ ಬಿಚ್ಚಿ ಹಾಸಿಗೆ ಮೇಲೆ ಹರಡಿದೆ. ಹತ್ತೊಂಬತ್ತು ವೈರ್. ಅದರಲ್ಲಿ ಐದು ಯಾವುದಕ್ಕೂ ಸೇರಿದ್ದಲ್ಲ! ಹಳೇ ಮೋಡೆಮ್ ಅಡಾಪ್ಟರ್, ಎಂದೋ ಮಾರಿದ ಮಾನಿಟರಿನ ವಿಜಿಎ ಕೇಬಲ್, ಅಂಥವು. ಹುತ್ತದ ಅರ್ಧ ಭಾಗ ರೂಟರಿನಿಂದ ಇಂಟರ್ನೆಟ್ ತರೋ ಲ್ಯಾನ್ ಕೇಬಲ್ಲೇ. ಬೇಕಿದ್ದದ್ದು ಮೂರು ಮೀಟರ್, ಸುತ್ತಿ ಬಿದ್ದಿದ್ದದ್ದು ಹತ್ತು. ಕತ್ತರಿಸಿ, ತುದಿಗೆ ಹಾಕೋ ಆರ್‌ಜೆ-45 ಕನೆಕ್ಟರನ್ನ ನಾನೇ ಒತ್ತಿ ಕೂರಿಸಿದೆ (ಕ್ರಿಂಪ್). ಮೊದಲ ಸಲ ಒಳಗಿನ ನಾಲ್ಕು ಜೋಡಿ ತಂತಿಯಲ್ಲಿ ಕಂದು ಜೋಡಿ ಸರಿಯಾಗಿ ಕೂರದೆ ಸ್ಪೀಡ್ 100 ಎಂಬಿಪಿಎಸ್‌ಗೇ ನಿಂತಿತು. ನಾಲ್ಕೂ ಜೋಡಿ ಹಿಡಿಯದೆ ಗಿಗಾಬಿಟ್, ಅಂದರೆ ಅದರ ಹತ್ತು ಪಟ್ಟು ಸ್ಪೀಡ್, ಬರಲ್ಲ. ಎರಡು ಕನೆಕ್ಟರ್ ಹಾಳಾದವು, ಮೂರನೆಯದು ಕೂತಿತು.

ಉಳಿದದ್ದನ್ನ ನೆಲದಿಂದ ಎತ್ತಬೇಕು. ಸ್ಪೈಕ್ ಬೋರ್ಡನ್ನ ಟೇಬಲ್ ಹೊಟ್ಟೆಗೇ ತಗುಲಿಹಾಕ್ತೀನಿ ಅಂದಾಗ ನಮ್ಮ ಎಲೆಕ್ಟ್ರಿಷಿಯನ್ ನಕ್ಕ. "ಸಾರ್, ಒಂದು ತಿಂಗಳೂ ನಿಲ್ಲಲ್ಲ ಬಿಡ್ರಿ. ಅಷ್ಟು ಅಡಾಪ್ಟರ್ ತೂಕ." ಮನೆಯಲ್ಲಿ ಇವಳೂ ಅವನ ಪಕ್ಷ.

ಪಾತ್ರೆ ಅಂಗಡಿಯಲ್ಲಿ ತಟ್ಟೆ ಇಡೋ ಕಂಬಿ ಬುಟ್ಟಿ ಸಿಗುತ್ತಲ್ಲ, ಉದ್ದನೆಯದು, ಅದು 240ಕ್ಕೆ ಸಿಕ್ಕಿತು. ಅದನ್ನ ಟೇಬಲ್ ಹೊಟ್ಟೆಗೆ ಹಿಡಿದಿಡೋಕೆ ಪೈಪ್ ಕ್ಲಾಂಪ್ ಆರು; ಬೋರ್ಡು, ಅಡಾಪ್ಟರು ಬುಟ್ಟಿಯೊಳಗೆ. ಟೇಬಲ್ ಪ್ಲೈವುಡ್ 18 ಎಂಎಂ. ನಾನು ಬುದ್ಧಿವಂತ ಒಂದಿಂಚು ಸ್ಕ್ರೂ ಹಾಕಿದೆ. ಎರಡನೇ ಸ್ಕ್ರೂ ತಿರುಗಿಸೋವಾಗ ಮೇಲೆ ಚಟ್ ಅಂತ ಸದ್ದು. ಮೈಕಾ ಸೀಳಿಕೊಂಡು ತುದಿ ಹೊರಗೆ ಬಂದಿತ್ತು. ಆ ತೂತಿನ ಮೇಲೆ ಇವತ್ತಿಗೂ ಕ್ಯಾಲ್ಕುಲೇಟರ್ ಇಟ್ಟಿದ್ದೀನಿ, ಇವಳಿಗೆ ಗೊತ್ತಿಲ್ಲ. ಉಳಿದವಕ್ಕೆಲ್ಲಾ ಅರ್ಧ ಇಂಚಿನ ಸ್ಕ್ರೂ. ಬುಟ್ಟಿಯ ಚೂಪು ಅಂಚಿಗೆ ಹಳೇ ಸೈಕಲ್ ಟ್ಯೂಬ್ ಸೀಳಿ ಹೊದಿಸಿದೆ, ಇಲ್ಲದಿದ್ದರೆ ವೈರ್ ಸಿಪ್ಪೆ ಸವೆಯುತ್ತೆ.

ಕರೆಂಟ್ ವೈರ್ ಎಲ್ಲಾ ಗೋಡೆ ಕಡೆ, ಎಚ್‌ಡಿಎಂಐ, ಲ್ಯಾನ್, ಯುಎಸ್‌ಬಿ ಕೂತವರ ಕಾಲಿನ ಕಡೆ. ಯುಪಿಎಸ್ ಭಾರ ಅಂತ ಟೇಬಲ್ ಪಕ್ಕದ ಸ್ಟೂಲ್ ಮೇಲೆ. ಲೇಸರ್ ಪ್ರಿಂಟರ್ ಮಾತ್ರ ಯುಪಿಎಸ್‌ಗೆ ಕೊಡಬೇಡಿ, ಅದು ಬಿಸಿಯಾಗೋವಾಗ ಎಳೆಯೋ ಕರೆಂಟಿಗೆ ನಮ್ಮ 600 ವಿಎ ಯುಪಿಎಸ್ ಕೀಚ್ ಕೀಚ್ ಅಂತ ಕಿರುಚಿ ಮಲಗಿಬಿಡ್ತಿತ್ತು. ಹೆಚ್ಚಾದ ಕರೆಂಟ್ ವೈರನ್ನ ಸುರುಳಿ ಸುತ್ತಿಡಲೂ ಬೇಡಿ; ಎಕ್ಸ್‌ಟೆನ್ಷನ್ ವೈರ್ ಸುರುಳಿ ಸುತ್ತಿ ಅದರಲ್ಲೇ ಇಸ್ತ್ರಿಪೆಟ್ಟಿಗೆ ಹಾಕಿದವರಿಗೆ ಸುರುಳಿ ಹೇಗೆ ಬಿಸಿಯಾಗುತ್ತೆ ಗೊತ್ತು. ನಾನೂ ಹಾಕಿ ಬೈಸಿಕೊಂಡವನೇ.

ಕಟ್ಟೋಕೆ ವೆಲ್ಕ್ರೋ. ಆನ್‌ಲೈನ್‌ನಲ್ಲಿ ಹತ್ತು ತುಂಡಿಗೆ 200 ಹೇಳ್ತಿದ್ದರು. ಟೈಲರ್‌ಗಳಿಗೆ ಗುಂಡಿ, ಜಿಪ್ ಮಾರೋ ಅಂಗಡಿಗೆ ಹೋಗಿ, ಮೀಟರ್ ಲೆಕ್ಕದಲ್ಲಿ ಕೊಡ್ತಾರೆ. ಮೂರು ಮೀಟರ್ 80 ಕೊಟ್ಟ ನೆನಪು. ಆದರೆ ಒಂದು ತಿಂಗಳು ಏನೂ ಕಟ್ಟದೆ ಬುಟ್ಟಿಯಲ್ಲಿ ಸುಮ್ಮನೆ ಹಾಕಿ ಕೆಲಸ ಮಾಡಿದೆ. ಯಾವುದನ್ನ ಪದೇ ಪದೇ ಎಳೀತೀನಿ ಅಂತ ಆಗಲೇ ತಿಳಿದದ್ದು: ಡಿಜಿಟಲ್ ಸಿಗ್ನೇಚರ್ ಟೋಕನ್ (ಕಂಪ್ಯೂಟರಿನಲ್ಲಿ ಸಹಿ ಹಾಕೋಕೆ ಬೇಕಾದ, ಪೆನ್‌ಡ್ರೈವ್ ಥರದ್ದು) ಹಾಕೋ ಯುಎಸ್‌ಬಿ ವೈರ್. ಅದೊಂದು ಇವತ್ತಿಗೂ ಕಟ್ಟಿಲ್ಲ. ಗುರುತಿಗೆ ಮಗಳ ಉಗುರು ಬಣ್ಣ, ವೈರಿನ ಎರಡೂ ತುದಿಗೆ ಒಂದೇ ಬಣ್ಣದ ಚುಕ್ಕೆ. ಕಾಗದದ ಚೀಟಿ ಧೂಳಿಗೆ ಮಾಸಿ ಹೋಗುತ್ತೆ, ಇದು ಹೋಗಲ್ಲ.

ನಡುವೆ ಇನ್ನೊಂದು ಪೀಕಲಾಟ. ವೈರ್ ಕಡಿಮೆ ಆಗಲಿ ಅಂತ ವೈರ್‌ಲೆಸ್ ಮೌಸ್ ತಂದರೆ ಪರದೆ ಮೇಲಿನ ಬಾಣ ತಡವರಿಸೋದು. ಮೌಸ್ ಕೆಟ್ಟಿದೆ ಅಂತ ಬದಲಿಸಿಕೊಂಡು ಬಂದೆ, ಅದೂ ಹಾಗೇ. ಕೊನೆಗೆ ನೋಡಿದರೆ ಮೌಸಿನ ಪುಟ್ಟ ರಿಸೀವರ್ ಚುಚ್ಚಿದ ಪಕ್ಕದ ಪೋರ್ಟಿನಲ್ಲೇ ಯುಎಸ್‌ಬಿ 3 ಹಾರ್ಡ್ ಡಿಸ್ಕ್. ಅದು ಓಡೋವಾಗ 2.4 ಗಿಗಾಹರ್ಟ್ಸ್ ರೇಡಿಯೋ ಅಲೆಯಲ್ಲೇ ಗಲಾಟೆ ಎಬ್ಬಿಸುತ್ತೆ, ಮೌಸಿನ ರಿಸೀವರ್ ಕೂಡ ಅಲ್ಲೇ ಕಿವಿ ಕೊಟ್ಟಿರುತ್ತೆ. ರಿಸೀವರನ್ನ ಮೊಳದುದ್ದ ಎಕ್ಸ್‌ಟೆನ್ಷನ್ ಹಾಕಿ ದೂರ ಇಟ್ಟೆ, ಸರಿಹೋಯಿತು. ವೈರ್ ಉಳಿಸೋಕೆ ಹೋಗಿ ಮತ್ತೊಂದು ವೈರ್! ಇಲಿಗೆ ಅಂತ ಬೇವಿನ ಎಣ್ಣೆ ಸವರಿದ್ದೂ ಆಯಿತು. ಇಲಿ ಬಂತೋ ಇಲ್ಲವೋ, ಧೂಳು ಮೆತ್ತಿ ವೈರೆಲ್ಲಾ ಹೆಬ್ಬಾವಿನಂತಾದವು.

ಈಗ ಟೇಬಲ್‌ನಿಂದ ಗೋಡೆಗೆ ಹೋಗೋದು ಎರಡೇ, ಒಂದು ಕರೆಂಟಿನದು, ಒಂದು ಲ್ಯಾನ್. ಅವು ಟೇಬಲ್ ಕಾಲಿನ ಹಿಂದೆ ಕಾಣದ ಹಾಗೆ ಹೇಗೆ ಇಳಿದಿವೆ ಅನ್ನೋದನ್ನ ಬರೆಯಲ್ಲ. ಮನೆಗೆ ಬಂದವರಿಗೆ ತೋರಿಸ್ತೀನಿ, ಬರೋವಾಗ ಮಂಡಕ್ಕಿ ಮೆಣಸಿನಕಾಯಿ ಕಟ್ಟಿಸಿಕೊಂಡು ಬನ್ನಿ.

ಒಟ್ಟು ಖರ್ಚು ಹೊಸ ಸ್ಪೈಕ್ ಬೋರ್ಡ್ ಸೇರಿ 1,400ರ ಆಸುಪಾಸು. ಅದಕ್ಕೂ ಮುಂಚೆ ದಂಡವಾದದ್ದು ಅದಕ್ಕಿಂತ ಜಾಸ್ತಿಯೇ. ಹೋದ ತಿಂಗಳು ಫ್ಯಾನ್ ರಿಪೇರಿಗೆ ಬಂದಿದ್ದ ಅದೇ ಎಲೆಕ್ಟ್ರಿಷಿಯನ್ ಟೇಬಲ್ ಕೆಳಗೆ ಬಗ್ಗಿ, ಬುಟ್ಟಿ ಹಿಡಿದು ಎರಡು ಸಲ ಜಗ್ಗಿ ನೋಡಿದ. ಏನೂ ಅನ್ನಲಿಲ್ಲ. ಹೋಗೋವಾಗ ಬಾಗಿಲ ಹತ್ತಿರ ನಿಂತು, "ಸಾರ್, ಆ ಬುಟ್ಟಿ ಯಾವ ಅಂಗಡಿಯದು?" ಅಂದ.