ಕನ್ನಡ ಬರುತ್ತೆ ಸರಿ, ಕನ್ನಡ ಪಾಠ ಮಾಡೋಕೆ ಬರುತ್ತಾ?

ಕಳೆದ ವಾರ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಫೋನ್ ಮಾಡಿದಳು. "ಮೇಡಂ, ಬಿ.ಎ. ಮುಗೀತು. ನಿಮ್ಮ ಥರ ಕನ್ನಡ ಮೇಡಂ ಆಗ್ಬೇಕು. ಏನ್ ಮಾಡ್ಲಿ?" ಅಡುಗೆಮನೆಯಲ್ಲಿ ನಿಂತುಕೊಂಡೇ ಮುಕ್ಕಾಲು ಗಂಟೆ ಮಾತಾಡಿದೆ. ಒಗ್ಗರಣೆ ಸೀದುಹೋಯಿತು. ಇದೇ ಪ್ರಶ್ನೆ ಕೇಳುವವರು ಪ್ರತಿ ವರ್ಷ ಇಬ್ಬರು ಮೂವರು ಇದ್ದೇ ಇರುತ್ತಾರೆ. ಅದಕ್ಕೇ ಅವಳಿಗೆ ಹೇಳಿದ್ದನ್ನೆಲ್ಲ ಇಲ್ಲಿ ಬರೆದಿಡುತ್ತಿದ್ದೇನೆ. ನಾನು ತಿಪಟೂರು ಕಡೆಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತೇನೆ. ಬಿ.ಎಡ್. ಸೇರಿದ್ದು 2016ರಲ್ಲಿ.

ಮೊದಲು ಒಂದು ತೀರ್ಮಾನ ಮಾಡಿಕೊಳ್ಳಿ. ಯಾವ ತರಗತಿಯ ಮಕ್ಕಳಿಗೆ ಪಾಠ ಮಾಡಬೇಕು? ಓದಬೇಕಾದ ಕೋರ್ಸು ಅದರ ಮೇಲೆ ನಿಂತಿದೆ. 1ರಿಂದ 5ನೇ ತರಗತಿಗೆ ಆದರೆ ಡಿ.ಎಲ್.ಎಡ್. ಎಂಬ ಡಿಪ್ಲೊಮಾ, ಅಂದರೆ ನಮ್ಮ ಅಮ್ಮನ ಕಾಲದವರು ಟಿ.ಸಿ.ಎಚ್. ಅನ್ನುತ್ತಿದ್ದ ಕೋರ್ಸಿನ ಈಗಿನ ರೂಪ. ಜೊತೆಗೆ ಟಿಇಟಿ, ಅಂದರೆ ಶಿಕ್ಷಕರ ಅರ್ಹತಾ ಪರೀಕ್ಷೆ. 6ರಿಂದ 8ಕ್ಕೆ ಪದವಿ, ಬಿ.ಎಡ್., ಟಿಇಟಿ. 9 ಮತ್ತು 10ಕ್ಕೆ ಪದವಿ ಮತ್ತು ಬಿ.ಎಡ್. ಪಿಯು ಕಾಲೇಜಿಗೆ ಎಂ.ಎ. ಮತ್ತು ಬಿ.ಎಡ್. "ಬಿ.ಎಡ್. ಮಾಡಿಬಿಟ್ಟರೆ ಒಂದನೇ ಕ್ಲಾಸಿಗೂ ನಡೆಯುತ್ತೆ" ಎಂದು ಈಗಲೂ ಕೆಲವರು ಹೇಳುತ್ತಾರೆ. ನಡೆಯುವುದಿಲ್ಲ. 2023ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಸ್ಪಷ್ಟವಾಗಿ ಹೇಳಿದೆ.

ನಾನು ಹೈಸ್ಕೂಲಿನವಳು, ಹಾಗಾಗಿ ಆ ದಾರಿಯನ್ನೇ ಹೇಳುತ್ತೇನೆ.

ಬಿ.ಎ.ಯಲ್ಲಿ ಕನ್ನಡವನ್ನು ಐಚ್ಛಿಕ ವಿಷಯವಾಗಿ ತೆಗೆದುಕೊಳ್ಳಿ. ಎಲ್ಲರೂ ಓದುವ ಭಾಷಾ ಪತ್ರಿಕೆ ಬೇರೆ, ಐಚ್ಛಿಕ ಕನ್ನಡ ಬೇರೆ. ಕನ್ನಡ ಶಿಕ್ಷಕರ ಹುದ್ದೆಗೆ ಅರ್ಜಿ ಹಾಕುವಾಗ ಈ ವ್ಯತ್ಯಾಸ ಗೊತ್ತಾಗಿ ಪೇಚಾಡಿದವರನ್ನು ನೋಡಿದ್ದೇನೆ. ಪಿಯುಸಿ ಈಗಷ್ಟೇ ಮುಗಿದಿದ್ದರೆ ನಾಲ್ಕು ವರ್ಷದ ಸಂಯೋಜಿತ ಕೋರ್ಸುಗಳನ್ನೂ ವಿಚಾರಿಸಿ. ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆ 1963ರಿಂದ ಶಿಕ್ಷಕರನ್ನು ತಯಾರು ಮಾಡುತ್ತಿದೆ. ಪದವಿ, ಬಿ.ಎಡ್. ಎರಡೂ ಒಟ್ಟಿಗೆ ಮುಗಿದರೆ ಒಂದು ವರ್ಷ ಉಳಿಯುತ್ತದೆ. ನನಗೆ ಆಗ ಯಾರೂ ಹೇಳಲಿಲ್ಲ.

ಬಿ.ಎಡ್.ಗೆ ಸೇರಲು ಪದವಿಯಲ್ಲಿ ಶೇ. 50 ಅಂಕ ಬೇಕು. ಮೀಸಲಾತಿ ಇರುವವರಿಗೆ ರಿಯಾಯಿತಿ ಇದೆ. ಸರ್ಕಾರಿ ಕೋಟಾದ ಸೀಟುಗಳಿಗೆ ಶಿಕ್ಷಣ ಇಲಾಖೆಯ ಕೇಂದ್ರೀಕೃತ ದಾಖಲಾತಿ ಘಟಕ ಆನ್‌ಲೈನಿನಲ್ಲಿ ಅರ್ಜಿ ಕರೆಯುತ್ತದೆ. ಪ್ರವೇಶ ಪರೀಕ್ಷೆ ಇಲ್ಲ, ಪದವಿಯ ಅಂಕಗಳ ಮೇಲೆ ಆಯ್ಕೆ. ಅರ್ಜಿ ಕರೆದ ಮೇಲೆ ಜಾತಿ, ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಗೆ ಓಡಬೇಡಿ. ಆ ವಾರ ಅಲ್ಲಿ ಸರ್ವರ್ ಇರುವುದಿಲ್ಲ. ಇದು ತಮಾಷೆಗೆ ಹೇಳಿದ್ದಲ್ಲ, ಈಗಲೇ ಮಾಡಿಸಿಟ್ಟುಕೊಳ್ಳಿ.

ಕಾಲೇಜು ಆರಿಸುವಾಗ ಶಿಕ್ಷಕರ ಶಿಕ್ಷಣವನ್ನು ನೋಡಿಕೊಳ್ಳುವ ರಾಷ್ಟ್ರೀಯ ಪರಿಷತ್ತಿನ, ಅಂದರೆ ಎನ್‌ಸಿಟಿಇ ಮಾನ್ಯತೆ ಇದೆಯಾ ನೋಡಿ. "ಬರೋದೇ ಬೇಡ, ಪರೀಕ್ಷೆಗೆ ಬಂದ್ರೆ ಸಾಕು" ಎನ್ನುವ ಕಾಲೇಜುಗಳೂ ಇವೆ. ನಿಯಮದ ಪ್ರಕಾರ ತರಗತಿಗಳಿಗೆ ಶೇ. 80, ಶಾಲಾ ಇಂಟರ್ನ್‌ಶಿಪ್‌ಗೆ ಶೇ. 90 ಹಾಜರಾತಿ ಬೇಕು. ಹೋಗದೆ ಪಾಸಾದವರ ಕಥೆ ಕೆಲಸ ಸಿಕ್ಕ ಮೊದಲ ವಾರದಲ್ಲೇ ಗೊತ್ತಾಗುತ್ತದೆ. ಎಂಟನೇ ತರಗತಿಯ ಕೊನೇ ಬೆಂಚು ಸರ್ಟಿಫಿಕೇಟ್ ಕೇಳುವುದಿಲ್ಲವಲ್ಲ!

ಬಿ.ಎಡ್. ಈಗ ಎರಡು ವರ್ಷ, ನಾಲ್ಕು ಸೆಮಿಸ್ಟರ್. ಎರಡು ಬೋಧನಾ ವಿಷಯ ಆರಿಸಿಕೊಳ್ಳಬೇಕು. ನಾನು ಕನ್ನಡ ಮತ್ತು ಸಮಾಜ ವಿಜ್ಞಾನ ತೆಗೆದುಕೊಂಡೆ. ಮನೋವಿಜ್ಞಾನ, ಶಿಕ್ಷಣ ತತ್ವ ಎಲ್ಲ ಓದುತ್ತೀರಿ, ಅದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ನೋಟ್ಸ್ ಎಲ್ಲರ ಹತ್ತಿರವೂ ಸಿಗುತ್ತದೆ. ಮನಸ್ಸಿಟ್ಟು ಮಾಡಬೇಕಾದದ್ದು ಎರಡೇ: ಮೈಕ್ರೋ ಟೀಚಿಂಗ್ ಮತ್ತು ಇಂಟರ್ನ್‌ಶಿಪ್.

ಮೈಕ್ರೋ ಟೀಚಿಂಗ್ ಅಂದರೆ ಐದಾರು ನಿಮಿಷದ ಪುಟ್ಟ ಪಾಠ. ನಿಮ್ಮ ಸಹಪಾಠಿಗಳೇ ಮಕ್ಕಳು. ಒಂದು ಸಲಕ್ಕೆ ಒಂದೇ ಕೌಶಲ: ಪ್ರಶ್ನೆ ಕೇಳುವುದು, ಪಾಠಕ್ಕೆ ಪೀಠಿಕೆ ಹಾಕುವುದು, ಕಪ್ಪುಹಲಗೆ ಬಳಸುವುದು, ಹೀಗೆ. ನಮ್ಮ ದೇಶದಲ್ಲಿ ಬಳಕೆಯಲ್ಲಿರುವ ಕ್ರಮದಲ್ಲಿ 6 ನಿಮಿಷ ಪಾಠ, 6 ನಿಮಿಷ ವಿಮರ್ಶೆ, 12 ನಿಮಿಷ ಮತ್ತೆ ತಯಾರಿ, 6 ನಿಮಿಷ ಮರುಪಾಠ, 6 ನಿಮಿಷ ಮತ್ತೆ ವಿಮರ್ಶೆ. ಒಟ್ಟು 36 ನಿಮಿಷ. ಮೂವತ್ತು ವರ್ಷದ ಗೆಳತಿ "ಟೀಚರ್, ನೀರು ಕುಡಿಯೋಕೆ ಹೋಗ್ಲಾ?" ಎಂದು ಕೇಳಿದಾಗ ನಗು ಬರುತ್ತದೆ. ನಕ್ಕು ಮುಂದುವರಿಸಿ. ಆದರೆ ವಿಮರ್ಶೆಯ ಹೊತ್ತಿಗೆ "ಚೆನ್ನಾಗಿತ್ತು ಕಣೇ" ಎಂದು ಒಬ್ಬರನ್ನೊಬ್ಬರು ಹೊಗಳಿಕೊಂಡು ಕೂತರೆ ಅಷ್ಟೂ ವ್ಯರ್ಥ. ನನ್ನ ಮೊದಲ ಪಾಠದಲ್ಲಿ ನಾನು ಕೇಳಿದ ಪ್ರಶ್ನೆಗಳನ್ನು ಒಬ್ಬಳು ಬರೆದಿಟ್ಟುಕೊಂಡಿದ್ದಳು. ಹನ್ನೊಂದರಲ್ಲಿ ಒಂಬತ್ತಕ್ಕೆ "ಹೌದು" ಅಂದರೆ ಸಾಕಿತ್ತು. "ಅರ್ಥ ಆಯ್ತಾ?" ಎಂಬುದೇ ನಾಲ್ಕು ಸಲ ಇತ್ತು. ಆ ಚೀಟಿ ಈಗಲೂ ನನ್ನ ಹತ್ತಿರ ಇದೆ.

ಇಂಟರ್ನ್‌ಶಿಪ್ ಒಟ್ಟು 20 ವಾರ. ಮೊದಲ ವರ್ಷ 4, ಎರಡನೇ ವರ್ಷ 16. ಎರಡನೇ ವರ್ಷ ನನಗೆ ಸಿಕ್ಕಿದ್ದು ತುಮಕೂರಿನ ಒಂದು ಉರ್ದು ಮಾಧ್ಯಮದ ಶಾಲೆ. ನಾನು ಮುಖ ಸಣ್ಣ ಮಾಡಿಕೊಂಡೇ ಹೋದೆ. ಗೆಳತಿಯರಿಗೆಲ್ಲ ಕನ್ನಡ ಶಾಲೆ, ನನಗೆ ಮಾತ್ರ ಇದಾ? ಆಮೇಲೆ ಗೊತ್ತಾಯಿತು, ಭಾಷೆ ಕಲಿಸುವುದು ಅಂದರೇನು ಎಂದು ನಾನು ಕಲಿತದ್ದೇ ಅಲ್ಲಿ.

ಮೊದಲ ದಿನ ಎಂಟನೇ ತರಗತಿಗೆ ಒಂದು ಗದ್ಯಪಾಠ ಮಾಡಿದೆ. ಕಥೆ ಚೆನ್ನಾಗಿ ಹೇಳುತ್ತೇನೆ ಎಂಬ ಹೆಮ್ಮೆ ನನಗಿತ್ತು. ಹುಡುಗಿಯರು ಕಣ್ಣು ಮಿಟುಕಿಸದೆ ಕೇಳಿದರು. ಹಿಂದೆ ಕೂತಿದ್ದ ಅಲ್ಲಿನ ಕನ್ನಡ ಮೇಷ್ಟ್ರು ಆಮೇಲೆ ಕೇಳಿದರು: "ಮೇಡಂ, ನಲವತ್ತು ನಿಮಿಷದಲ್ಲಿ ನೀವು ಎಷ್ಟು ಹೊತ್ತು ಮಾತಾಡಿದ್ರಿ? ಮಕ್ಕಳು ಎಷ್ಟು ಹೊತ್ತು ಕನ್ನಡ ಮಾತಾಡಿದ್ರು?" ನಾನು ಮೂವತ್ತೆಂಟು ನಿಮಿಷ. ಮೂವತ್ತು ಹುಡುಗಿಯರು ಸೇರಿ ಎರಡು ನಿಮಿಷ, ಅದೂ "ಹೌದು ಮೇಡಂ."

ಮರುದಿನದಿಂದ ಪಾಠ ಯೋಜನೆಯ ಅಂಚಿನಲ್ಲಿ ಪೆನ್ಸಿಲಿನಿಂದ ಒಂದು ಕಾಲಂ ಹಾಕಿಕೊಂಡೆ: "ಈಗ ಮಾತಾಡುವುದು ಯಾರು?" ಕಾಲೇಜಿನ ನಮೂನೆಯಲ್ಲಿ ಉದ್ದೇಶ, ಬೋಧನಾಂಶ, ಕಲಿಕಾ ಅನುಭವ, ಮೌಲ್ಯಮಾಪನ ಎಲ್ಲ ಇರುತ್ತದೆ. ಅವನ್ನು ಅವರು ಹೇಳಿದಂತೆಯೇ ತುಂಬಿ. ಈ ಒಂದು ಕಾಲಂ ನಿಮಗಾಗಿ ಇರಲಿ. ಎರಡು ಸಾಲು ಓದಿ, ಪಕ್ಕದವಳಿಗೆ ಹೇಳಿಸಿ, ಹೆಸರು ಬದಲಿಸಿ ಮತ್ತೆ ಹೇಳಿಸಿ, ಆಮೇಲೆ ಬರೆಸಿ. ಕಥೆ ನಿಧಾನವಾಗುತ್ತದೆ. ಆಗಲಿ ಬಿಡಿ.

ಅದೇ ತರಗತಿಯಲ್ಲಿ ಒಬ್ಬ ಹುಡುಗಿ ಎದ್ದು ನಿಂತು "ಮೇಡಂ, ನನ್ನ ಪುಸ್ತಕ ಕಳೆದುಹೋದಳು" ಎಂದಳು. ನಾನು ನಕ್ಕುಬಿಟ್ಟೆ. ಅವಳು ಕೂತವಳು ಎರಡು ದಿನ ಬಾಯಿ ಬಿಡಲಿಲ್ಲ. ಉರ್ದುವಿನಲ್ಲಿ ಕಿತಾಬ್ ಸ್ತ್ರೀಲಿಂಗ. ವಸ್ತುಗಳಿಗೂ ಗಂಡು ಹೆಣ್ಣು ಇರುವ ಭಾಷೆಯಿಂದ ಬಂದ ಮಗು ಅದು. ಅವಳು ತಪ್ಪು ಮಾಡಿದ್ದಲ್ಲ, ತನ್ನ ವ್ಯಾಕರಣವನ್ನು ಸರಿಯಾಗಿಯೇ ಕನ್ನಡಕ್ಕೆ ತಂದಿದ್ದಳು. ಆ ರಾತ್ರಿ ಹಾಸ್ಟೆಲಿನಲ್ಲಿ ಉರ್ದು ಬರುವ ಗೆಳತಿಯನ್ನು ಕೂರಿಸಿಕೊಂಡು ಮೇಜು, ಕುರ್ಚಿ, ಬಾಗಿಲು ಒಂದೊಂದಕ್ಕೂ ಲಿಂಗ ಕೇಳಿದೆ. ಮರುದಿನ ಅವೇ ಪದಗಳನ್ನಿಟ್ಟು "ಕನ್ನಡದಲ್ಲಿ ಇವೆಲ್ಲ ಬಂತು, ಹೋಯಿತು, ಬಿತ್ತು" ಎಂದು ಪಾಠ ಮಾಡಿದೆ. ಇದನ್ನೇ ಹೇಳುವುದು: ಇಂಟರ್ನ್‌ಶಿಪ್‌ನಲ್ಲಿ ಮಕ್ಕಳ ಮನೆಮಾತು ಯಾವುದು ಎಂದು ಮೊದಲ ದಿನವೇ ಪಟ್ಟಿ ಮಾಡಿ. ತೆಲುಗು, ಲಂಬಾಣಿ, ತಮಿಳು, ಏನಿದ್ದರೂ ಬರೆದುಕೊಳ್ಳಿ.

ಕನ್ನಡ ಮನೆಮಾತಾಗಿದ್ದರೆ ಈ ತೊಂದರೆ ಇಲ್ಲ ಅಂದುಕೊಳ್ಳಬೇಡಿ. ನಮ್ಮ ಕಡೆ ಮಕ್ಕಳ ಬಾಯಲ್ಲಿ ಹಾಲು "ಆಲು", ಹಾವು "ಆವು", ಹಣ್ಣು "ಅಣ್ಣು". ಬರೆಯುವಾಗಲೂ ಹಾಗೇ ಬರುತ್ತದೆ. ಜಾಸ್ತಿ ಎಚ್ಚರ ವಹಿಸಿದವರು "ಹಕ್ಕಿ ಅನ್ನ" ಎಂದು ಬರೆಯುತ್ತಾರೆ! ನಾನು ಮೊದಮೊದಲು ಕೆಂಪು ಶಾಯಿಯಲ್ಲಿ ಸುತ್ತು ಹಾಕಿ ಹಾಕಿ ಸುಸ್ತಾದೆ. ಪುಟ ತುಂಬ ಕೆಂಪು ಕಂಡರೆ ಮಗು ಯಾವುದನ್ನೂ ಓದುವುದಿಲ್ಲ. ಈಗ ಬೇರೆ ಥರ ಮಾಡುತ್ತೇನೆ. ಬೋರ್ಡಿನ ಮೇಲೆ ಮೂರು ಪದ ಬರೆಯುತ್ತೇನೆ: ಪಾಲು, ಹಾಲು, ಆಲು. ಹಳಗನ್ನಡದಲ್ಲಿ ಅದು ಪಾಲ್. ಪುಲಿ ಹುಲಿಯಾಯಿತು, ಪೂ ಹೂವಾಯಿತು. ಪಕಾರ ಹಕಾರವಾಯಿತು, ನಿಮ್ಮ ಬಾಯಲ್ಲಿ ಆ ಹಕಾರವೂ ಉದುರುತ್ತಿದೆ. "ನಿಮ್ಮ ಅಜ್ಜಿ ಮಾತು ತಪ್ಪಲ್ಲ, ಬರೆಯುವಾಗ ಮಾತ್ರ ನಡುವಿನದ್ದನ್ನು ಬರೀಬೇಕು" ಎನ್ನುತ್ತೇನೆ. ಆಮೇಲೆ ಒಂದು ವಾರ ಪೂರ್ತಿ ಹಕಾರ ಒಂದನ್ನೇ ತಿದ್ದುತ್ತೇನೆ, ಮುಂದಿನ ವಾರ ಒತ್ತಕ್ಷರ. ಉಕ್ತಲೇಖನ ದಿನಕ್ಕೆ ಐದೇ ಪದ. ಇದರಲ್ಲಿ ಇನ್ನೂ ಒಂದು ಲಾಭ ಇದೆ. ಹಳಗನ್ನಡ ಪದ್ಯ ಬಂದಾಗ "ಪ ಇದ್ದಲ್ಲಿ ಹ ಹಾಕಿ ನೋಡ್ರೋ" ಅಂದರೆ ಅರ್ಧ ಪದಗಳನ್ನು ಮಕ್ಕಳೇ ಬಿಡಿಸುತ್ತಾರೆ.

ಬಿ.ಎಡ್.ನಲ್ಲಿ ಹೆಚ್ಚಿನವರು ಹೆದರುವುದು ಛಂದಸ್ಸಿಗೆ. ಪ್ರಸ್ತಾರ ಹಾಕುವ ಮೊದಲು ಚಪ್ಪಾಳೆ ಹೊಡೆಸಿ. ಭಾಮಿನಿ ಷಟ್ಪದಿ ಅಂದರೆ ಮೂರು ನಾಲ್ಕರ ನಡೆ. "ತಕಿಟ ತಕಧಿಮಿ ತಕಿಟ ತಕಧಿಮಿ" ಎಂದು ಎರಡು ನಿಮಿಷ ಮೇಜು ಕುಟ್ಟಲಿ. ಮೂರನೇ ಸಾಲು ಮತ್ತು ಆರನೇ ಸಾಲಿಗೆ ಇನ್ನೊಂದು "ತಕಿಟ ತಕಧಿಮಿ", ಕೊನೆಗೆ ಒಂದು ಗುರು. ಕಿವಿಗೆ ಬಿದ್ದ ಮೇಲೆ ಲಘು ಒಂದು ಮಾತ್ರೆ, ಗುರು ಎರಡು ಮಾತ್ರೆ ಎಂದು ಹೇಳಿ. ಪಕ್ಕದ ತರಗತಿಯ ಗಣಿತದ ಮೇಡಂ ಬಂದು ಬಾಗಿಲಲ್ಲಿ ನಿಂತರೆ ಸ್ವಲ್ಪ ಮೆಲ್ಲಗೆ ಕುಟ್ಟಿಸಿ.

ಇನ್ನು ಟಿಇಟಿ. 9, 10ಕ್ಕೆ ಬೇಡ ಎಂದು ಸುಮ್ನೆ ಕೂರಬೇಡಿ. 6ರಿಂದ 8ರ ದಾರಿಯೂ ತೆರೆದಿರಲಿ. ಪದವೀಧರರು ಬರೆಯುವುದು ಎರಡನೇ ಪತ್ರಿಕೆ. 150 ಪ್ರಶ್ನೆ, 150 ಅಂಕ, ಎರಡೂವರೆ ಗಂಟೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಹಾಗಾಗಿ ಯಾವುದನ್ನೂ ಖಾಲಿ ಬಿಡಬೇಡಿ. ಸಾಮಾನ್ಯ ವರ್ಗಕ್ಕೆ ಶೇ. 60, ಅಂದರೆ 90 ಅಂಕ ಬೇಕು. ಪರಿಶಿಷ್ಟ ಜಾತಿ, ಪಂಗಡ, ಪ್ರವರ್ಗ 1 ಮತ್ತು ಅಂಗವಿಕಲರಿಗೆ ಶೇ. 55.

ಕನ್ನಡದವರು ಎಡವುವ ಜಾಗ ಒಂದಿದೆ. ಮೊದಲ ಭಾಷೆಗೆ 30, ಎರಡನೇ ಭಾಷೆಗೆ 30, ಶಿಶು ವಿಕಸನ ಮತ್ತು ಬೋಧನಾ ಶಾಸ್ತ್ರಕ್ಕೆ 30. ಉಳಿದ 60 ಅಂಕ? ಗಣಿತ-ವಿಜ್ಞಾನ ಅಥವಾ ಸಮಾಜ ವಿಜ್ಞಾನ. ಕನ್ನಡ ಮೇಡಂ ಆಗಬೇಕಾದವಳೂ ಮಾನ್ಸೂನ್ ಮಾರುತ ಓದಲೇಬೇಕು. ನಾನು ಓದಲಿಲ್ಲ. ಬಿ.ಎ.ಯಲ್ಲಿ ಇತಿಹಾಸ ಮಾಡಿದ್ದೇನಲ್ಲ ಎಂಬ ಧೈರ್ಯದಲ್ಲಿ ಹೋದೆ. 87 ಬಂತು. ಮೂರು ಅಂಕಕ್ಕೆ ಒಂದು ವರ್ಷ ಹೋಯಿತು. ಎರಡನೇ ಸಲ 5ರಿಂದ 10ನೇ ತರಗತಿವರೆಗಿನ ಸಮಾಜ ಪುಸ್ತಕಗಳನ್ನು ಶಾಲೆಯ ಮಕ್ಕಳಿಂದಲೇ ಇಸಿದುಕೊಂಡು ಓದಿದೆ, ಭೂಗೋಳವನ್ನು ನಕ್ಷೆ ಬರೆದು ಕಲಿತೆ. ದಪ್ಪ ಗೈಡ್ ಕೊಳ್ಳುವ ಅಗತ್ಯ ಬೀಳಲಿಲ್ಲ. ಒಂದು ಸಮಾಧಾನ ಎಂದರೆ, ಮೊದಲು ಏಳು ವರ್ಷಕ್ಕೆ ಮುಗಿಯುತ್ತಿದ್ದ ಟಿಇಟಿ ಪ್ರಮಾಣಪತ್ರಕ್ಕೆ 2021ರಿಂದ ಜೀವನಪೂರ್ತಿ ಮಾನ್ಯತೆ ಇದೆ. ಕೇಂದ್ರೀಯ ವಿದ್ಯಾಲಯದ ಕಡೆ ಕಣ್ಣಿದ್ದರೆ ಸಿಟಿಇಟಿ, ಅಂದರೆ ಕೇಂದ್ರದ ಟಿಇಟಿ ಬರೆಯಿರಿ. ಅದರ ಭಾಷೆಗಳ ಪಟ್ಟಿಯಲ್ಲೂ ಕನ್ನಡ ಇದೆ.

ಸರ್ಕಾರಿ ನೇಮಕಾತಿ ಯಾವಾಗ ಬರುತ್ತದೆ ಎಂದು ಕೇಳಬೇಡಿ. ಬರುವವರೆಗೆ ಅತಿಥಿ ಶಿಕ್ಷಕರಾಗಿ ಅಥವಾ ಖಾಸಗಿ ಶಾಲೆಯಲ್ಲಿ ಕೆಲಸ ಮಾಡಿ. 2015ರ ಕನ್ನಡ ಭಾಷಾ ಕಲಿಕೆ ಅಧಿನಿಯಮ ಬಂದ ಮೇಲೆ ಬೇರೆ ಪಠ್ಯಕ್ರಮದ ಶಾಲೆಗಳೂ ಕನ್ನಡ ಕಲಿಸಬೇಕಾಗಿದೆ. ಹಾಗಾಗಿ ಬೆಂಗಳೂರಿನಲ್ಲಿ ಕನ್ನಡ ಶಿಕ್ಷಕರನ್ನು ಹುಡುಕುತ್ತಾರೆ. ಅಲ್ಲಿಗೆ ಹೋದರೆ ನನ್ನ ಉರ್ದು ಶಾಲೆಯ ಅನುಭವದಂಥದ್ದೇ ಕೆಲಸಕ್ಕೆ ಬರುವುದು. ಮನೆಯಲ್ಲಿ ಹಿಂದಿಯೋ ಮಲಯಾಳವೋ ಆಡುವ ಮಕ್ಕಳಿಗೆ ಸಂಧಿ, ಸಮಾಸದಿಂದ ಶುರು ಮಾಡಿದರೆ ಕೆಟ್ಟಿರಿ. "ನನಗೆ ಹಸಿವಾಗಿದೆ"ಯಿಂದ ಶುರು ಮಾಡಿ.

ಒಂದು ಎಚ್ಚರಿಕೆ. ಕೆಲಸಕ್ಕೆ ಸೇರುವಾಗ ಮೂಲ ಅಂಕಪಟ್ಟಿ ಯಾರ ಕೈಗೂ ಕೊಡಬೇಡಿ. ನಾನು ಮೊದಲು ಸೇರಿದ್ದ ಒಂದು ಖಾಸಗಿ ಶಾಲೆಯಲ್ಲಿ "ವೆರಿಫಿಕೇಶನ್" ಎಂದು ಇಸಿದುಕೊಂಡವರು ಬಿಡುವಾಗ ಐದು ತಿಂಗಳು ಅಲೆಸಿದರು. ಮೂಲ ಪ್ರತಿ ತೋರಿಸಿ, ಜೆರಾಕ್ಸ್ ಕೊಟ್ಟು ಬನ್ನಿ. ಅಷ್ಟಕ್ಕೇ ಕೆಲಸ ಇಲ್ಲ ಅಂದರೆ ಆ ಶಾಲೆ ಬೇಡ.

ಫೋನ್ ಇಡುವ ಮುಂಚೆ ನನ್ನ ಹುಡುಗಿ ಕೇಳಿದಳು, "ಮೇಡಂ, ಬಿ.ಎಡ್.ಗೆ ದುಡ್ಡು ಕಟ್ಟೋಕೆ ಮುಂಚೆ ನನಗೆ ಇದು ಆಗುತ್ತಾ ಅಂತ ತಿಳ್ಕೊಳ್ಳೋದು ಹೇಗೆ?" ಒಳ್ಳೆಯ ಪ್ರಶ್ನೆ. ನಾನು ಯಾರನ್ನೂ ಕೇಳಿರಲಿಲ್ಲ. ಹೆಡ್‌ಮಾಸ್ಟರ ಒಪ್ಪಿಗೆ ತೆಗೆದುಕೊಂಡಿದ್ದೇನೆ. ಬರುವ ಶನಿವಾರ ಬೆಳಿಗ್ಗೆ ಎಂಟನೇ ತರಗತಿ ಬಿ ಸೆಕ್ಷನ್‌ಗೆ ಅವಳದ್ದೇ ಪಾಠ. ನಾನು ಹಿಂದಿನ ಬೆಂಚಿನಲ್ಲಿ ಗಡಿಯಾರ ಹಿಡಿದು ಕೂರುತ್ತೇನೆ, ಯಾರು ಎಷ್ಟು ಹೊತ್ತು ಮಾತಾಡಿದರು ಎಂದು ಬರೆದುಕೊಳ್ಳೋಕೆ.