ಶಿರಸಿಯಲ್ಲಿ ರಜೆಯ ಕೊನೇ ದಿನ: ಸುಮ್ನೆ ಕೂತು ಉಂಡ ಅನುಭವ

ಕೊನೇ ದಿನ ಯಾವ ಸ್ಪಾಟನ್ನೂ ಸುತ್ತೋದು ಬೇಡ ಅಂತ ನಾನು ಹೇಳಿದಾಗ ಮನೆಯಲ್ಲಿ ಒಬ್ಬರೂ ಒಪ್ಪಿರಲಿಲ್ಲ. "ಸುಮ್ನೆ ಕೂರೋಕೆ ಅಷ್ಟು ದೂರ ಹೋಗಿ ದುಡ್ಡು ಸುರೀಬೇಕಾ?" ಅಂತ ಭಾವ ನಕ್ಕಿದ್ದರು. ಈ ಮಾರ್ಚಿನಲ್ಲಿ ಕೆಲಸ ಕೈಗೂಡಿತು ನೋಡಿ.

ಮೊದಲೆಲ್ಲ ಕೊನೇ ದಿನ ಅಂದರೆ ಬೆಳಿಗ್ಗೆ ಯಾಣದ ಬಂಡೆಗಳು, ಮಧ್ಯಾಹ್ನ ಉಂಚಳ್ಳಿ ಜಲಪಾತ, ಆಮೇಲೆ ಬೆಂಗಳೂರಿನ ತನಕ 400 ಕಿ.ಮೀ. ಡ್ರೈವಿಂಗು, ದಾರಿಯಲ್ಲಿ ಎಲ್ಲೋ ಒಂದು ಫ್ರೈಡ್ ರೈಸು. ಒಂದು ಸಲ ದಿನ ಖಾಲಿ ಬಿಟ್ಟು ನೋಡಿದಾಗಲೂ ಕೆಟ್ಟಿತು. ಹತ್ತಕ್ಕೇ ರೂಮ್ ಖಾಲಿ ಮಾಡಿಸಿದರು, ರಾತ್ರಿ ತನಕ ಬ್ಯಾಗು ಹೊತ್ತು ತಿರುಗಿದ್ದೇ ಬಂತು. ಊಟಕ್ಕೆ ಅಪ್ಪೆಹುಳಿ (ಮಾವಿನಕಾಯಿಯ ತೆಳು ಸಾರು) ಕೇಳಿದರೆ "ನಿನ್ನೆನೇ ಹೇಳಬೇಕಿತ್ತು" ಅಂದರು. ಇನ್ನೊಂದು ಸಲ ಜುಲೈನಲ್ಲಿ ಹೋದೆವು, ಹೊಳೆಯ ಬಂಡೆಗಳ ಮೇಲೆ ಲಿಂಗ ಕೆತ್ತಿರುವ ಸಹಸ್ರಲಿಂಗದಲ್ಲಿ ಲಿಂಗಗಳೆಲ್ಲ ಶಾಲ್ಮಲಾ ನದಿಯ ಕೆಂಪು ನೀರಿನ ಅಡಿಗೆ.

ಈ ಸಲ ಕಾರು ಬಿಟ್ಟು ರಾತ್ರಿ ಬಸ್ಸು ಹಿಡಿದೆವು. ಹೋಂಸ್ಟೇಗೆ ಅರ್ಧ ದಿನಕ್ಕೆ ಜಾಸ್ತಿ 600 ಕೊಟ್ಟ ನೆನಪು, ಊಟ ತಲೆಗೆ 250-300. ಒಟ್ಟು ಲೆಕ್ಕದಲ್ಲಿ ಪೆಟ್ರೋಲು, ಟೋಲಿಗಿಂತ ಕಡಿಮೆಯೇ ಬಿತ್ತು. ಏನೇನು ಬೇಕು ಅಂತ ಹಿಂದಿನ ದಿನ ಮಧ್ಯಾಹ್ನವೇ ಹೇಳಿಟ್ಟೆ. ಅವರ ಹತ್ತಿರ ಹೇಗೆ ಕೇಳಬೇಕು ಅನ್ನೋದರಲ್ಲೂ ಒಂದು ಉಪಾಯ ಇದೆ, ಅದು ನನ್ನಲ್ಲೇ ಇರಲಿ.

ಬೆಳಿಗ್ಗೆ ಜನ ಬರೋ ಮುಂಚೆ ಶಾಲ್ಮಲೆಯಲ್ಲಿ ಕಾಲು ಇಳಿಬಿಟ್ಟು ಕೂತೆವು. ಮಾರ್ಚಿನಲ್ಲಿ ನೀರು ಇಳಿದು ಬಂಡೆ ಮೇಲಿನ ಲಿಂಗ, ನಂದಿ ಎಲ್ಲ ಬಿಡಿಬಿಡಿಯಾಗಿ ಕಾಣುತ್ತವೆ. ನಾವು ಕೂತ ಜಾಗ ಅಲ್ಲಿಂದ ಸ್ವಲ್ಪ ಮೇಲಕ್ಕಿದೆ, ಯಾವ ತಿರುವು ಅಂತ ಮಾತ್ರ ಕೇಳಬೇಡಿ.

ವಾಪಸ್ ಬಂದು ತೆಳ್ಳೇವು (ತೆಳು ದೋಸೆ), ತುಪ್ಪ, ನೀರಾಗಿರುವ ಜೋನಿ ಬೆಲ್ಲ. ಆಲೆಮನೆ ಸೀಸನ್ ಆದ್ದರಿಂದ ಕಬ್ಬಿನ ಹಾಲಿತ್ತು, ಕಾಗದದಷ್ಟು ತೆಳ್ಳಗಿನ ಸಿಹಿತಿಂಡಿ ತೊಡೆದೇವೂ ಆಯಿತು. ಬೋರಲು ಹಾಕಿದ ಗಡಿಗೆ ಕಾದ ಮೇಲೆ ಎಣ್ಣೆ ಸವರಿ, ಕಬ್ಬಿನ ಹಾಲಲ್ಲಿ ಕಲಸಿದ ತೆಳು ಅಕ್ಕಿ ಹಿಟ್ಟಿಗೆ ಬಟ್ಟೆ ಅದ್ದಿ ಒಂದೇ ಸಲ ಎಳೆಯಬೇಕು. ಅಂಚು ಏಳುತ್ತಿದ್ದ ಹಾಗೇ ಬೆಲ್ಲದ ಪುಡಿ ಉದುರಿಸಿ ಮಡಚೋದು. ನಾನೂ ಕೈ ಹಾಕಿದೆ. ನಾಲ್ಕೈದು ಹರಿದವು, ಒಂದು ಮಾತ್ರ ಆ ಮನೆಯಮ್ಮನೇ ಹೌದು ಅನ್ನುವ ಹಾಗೆ ಬಂತು!

ಮಧ್ಯಾಹ್ನ ಒಂದೆಲಗದ ತಂಬುಳಿ, ಕೊನೆಗೆ ಅಪ್ಪೆಹುಳಿ. ನೀರಿನ ಹಾಗೆ ತೆಳ್ಳಗೆ, ಮಾವಿನ ಮಿಡಿಯ ಸೊನೆಯ ಘಮ. ಎರಡು ಲೋಟ ಕುಡಿದ ಭಾವ ಜಗುಲಿಯಲ್ಲೇ ಮಲಗಿ ಐದು ಗಂಟೆ ತನಕ ಏಳಲಿಲ್ಲ. ಈಗ ಆ ಮನೆಯ ನಂಬರು ಕೇಳುತ್ತಿದ್ದಾರೆ, ಕೊಟ್ಟಿಲ್ಲ.

ತೊಡೆದೇವು ಊರಿಗೆ ತರುವ ಪ್ರಯೋಗವೂ ನಡೆಯಿತು. ಪೇಪರಿನಲ್ಲಿ ಸುತ್ತಿದ್ದು ಬಸ್ಸಿನಲ್ಲೇ ಮೆತ್ತಗಾಯಿತು, ಗಾಳಿಯಾಡದ ಸ್ಟೀಲ್ ಡಬ್ಬಿಯಲ್ಲಿದ್ದದ್ದು ವಾರ ಕಳೆದರೂ ಗರಿಗರಿ. ಜೋನಿ ಬೆಲ್ಲದ ಬಾಟಲಿಯನ್ನು ಮಾತ್ರ ಬಟ್ಟೆ ಜೊತೆ ಇಡಬೇಡಿ, ತೊಡೆ ಮೇಲಿಟ್ಟುಕೊಂಡೇ ಬನ್ನಿ.